ಬೋಲ್ಟಿನ ತಲೆ, ಸ್ಪ್ಯಾನರಿನ ಬಾಯಿ

ವಾಹನದ ಬಿಡಿಭಾಗಗಳನ್ನು ಬಂಧಿಸುವ ಬೋಲ್ಟಿನಲ್ಲಿ ಎರಡು ಅಂಗಗಳು ಮುಖ್ಯ. ಬಿಗಿತವನ್ನು ಹಿಡಿದಿಡುವುದು ಥ್ರೆಡ್. ತಿರುಗಿಸಲು ಹಿಡಿತ ಕೊಡುವುದು ತಲೆ. ಥ್ರೆಡ್ಡಿನಲ್ಲಿ ತುಕ್ಕು ಕೂತಿದ್ದರೂ ತಲೆ ನೆಟ್ಟಗಿದ್ದರೆ ಬೋಲ್ಟನ್ನು ಬಿಚ್ಚಲು ಹಲವು ದಾರಿಗಳಿವೆ. ತಲೆಯ ಮೂಲೆಗಳೇ ಸವೆದು ದುಂಡಾದರೆ ಐದು ನಿಮಿಷದ ಕೆಲಸ ಅರ್ಧ ದಿನವನ್ನು ನುಂಗುತ್ತದೆ. ಮೂಲೆಗಳನ್ನು ಸವೆಸುವುದು ಬಹುಮಟ್ಟಿಗೆ ಅಳತೆ ತಪ್ಪಿದ ಸ್ಪ್ಯಾನರ್. ಆದುದರಿಂದ ಹಠಮಾರಿ ಬೋಲ್ಟಿನ ಮುಂದೆ ಮೊದಲು ಯೋಚಿಸಬೇಕಾದದ್ದು ಹಿಡಿತದ ಬಗ್ಗೆ. ಬಲದ ಮಾತು ಅನಂತರದ್ದು.

ಸಾಧನಗಳ ಸ್ವರೂಪ

ಬಾಯಿ ತೆರೆದ ಸ್ಪ್ಯಾನರ್ ಷಟ್ಕೋನ ತಲೆಯ ಎದುರುಬದುರಿನ ಎರಡು ಬದಿಗಳನ್ನು ಮಾತ್ರ ಹಿಡಿಯುತ್ತದೆ. ಹೆಚ್ಚು ಬಲ ಹಾಕಿದಾಗ ಅದರ ದವಡೆಗಳು ಕೂದಲೆಳೆಯಷ್ಟು ಅಗಲವಾಗುತ್ತವೆ. ಅಷ್ಟೇ ಸಾಕು, ಮೂಲೆ ಜಾರಲು. ರಿಂಗ್ ಸ್ಪ್ಯಾನರ್ ತಲೆಯನ್ನು ಸುತ್ತಲೂ ಆವರಿಸುವುದರಿಂದ ಬಲ ಎಲ್ಲ ಮೂಲೆಗಳಿಗೂ ಹಂಚಿಹೋಗುತ್ತದೆ. ಗ್ಯಾರೇಜುಗಳಲ್ಲಿ ಬಾಕ್ಸ್ ಎಂದೂ ಕರೆಯುವ ಸಾಕೆಟ್ ಇದೇ ತತ್ತ್ವವನ್ನು ಗಿಡ್ಡ ಉಕ್ಕಿನ ಕೊಳವೆಯಲ್ಲಿ ಸಾಧಿಸುತ್ತದೆ. ಅದರ ಹಿಂಬದಿಯ ಚೌಕ ರಂಧ್ರಕ್ಕೆ ಹಿಡಿಕೆ ಸೇರುತ್ತದೆ. ಈ ಚೌಕದ ಅಳತೆ ಇಂದಿಗೂ ಇಂಚಿನಲ್ಲೇ ಇದೆ. ಕಾಲು ಇಂಚು ಸಣ್ಣ ಕೆಲಸಕ್ಕೆ, 3/8 ಇಂಚು ಸಾಮಾನ್ಯ ಎಂಜಿನ್ ಕೆಲಸಕ್ಕೆ, ಅರ್ಧ ಇಂಚು ಚಕ್ರ ಮತ್ತು ಸಸ್ಪೆನ್ಷನ್ ಕೆಲಸಕ್ಕೆ, ಮುಕ್ಕಾಲು ಮತ್ತು ಒಂದು ಇಂಚು ಲಾರಿ, ಬಸ್ಸುಗಳಿಗೆ.

ಬಾಯಿಯ ಅಗಲವನ್ನು ಹೊಂದಿಸಿಕೊಳ್ಳಬಹುದಾದ ಸ್ಕ್ರೂ ಸ್ಪ್ಯಾನರನ್ನು ಇಂದಿನ ರೂಪಕ್ಕೆ ತಂದವರು ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್, 19ನೇ ಶತಮಾನದ ಕೊನೆಯ ದಶಕದಲ್ಲಿ. ಅದು ಉಪಯುಕ್ತ ಸಾಧನವೇ ಆದರೂ ಹಠಮಾರಿ ಬೋಲ್ಟಿಗೆ ತಕ್ಕುದಲ್ಲ. ಚಲಿಸುವ ದವಡೆಯ ಸಡಿಲವನ್ನು ಪೂರ್ತಿ ನಿವಾರಿಸಲು ಬರುವುದಿಲ್ಲ. ಅನಿವಾರ್ಯವಾದಾಗ ಎಳೆತದ ಭಾರ ಸ್ಥಿರ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು.

ಅಳತೆ ಯಾವುದರದ್ದು

ಸ್ಪ್ಯಾನರಿನ ಮೇಲೆ ಕೆತ್ತಿರುವ 13 ಎಂಬ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುವುದಿಲ್ಲ. ತಲೆಯ ಎದುರುಬದುರು ಬದಿಗಳ ನಡುವಿನ ಅಂತರವನ್ನು ಹೇಳುತ್ತದೆ. ಬೋಲ್ಟಿನ ದಪ್ಪವನ್ನು ಎಂ8, ಎಂ10 ಎಂದು ಬೇರೆಯಾಗಿ ಸೂಚಿಸುತ್ತಾರೆ.

ತಯಾರಿಕೆಯಲ್ಲಿ ಒಂದು ಒಪ್ಪಂದವಿದೆ. ಬೋಲ್ಟಿನ ತಲೆ ಹೆಸರಿನ ಅಳತೆಯನ್ನು ಎಂದೂ ಮೀರಬಾರದು. ಸ್ಪ್ಯಾನರಿನ ಬಾಯಿ ಹೆಸರಿನ ಅಳತೆಗಿಂತ ಎಂದೂ ಕಿರಿದಾಗಬಾರದು. ಉತ್ತಮ ದರ್ಜೆಯ 13 ಮಿ.ಮೀ. ತಲೆ 12.73ರಿಂದ 13.00 ಮಿ.ಮೀ.ವರೆಗೆ ಎಲ್ಲಿಯಾದರೂ ಇರಬಹುದು. ಬಾಯಿ 13ಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಒಂದು ಸೂಕ್ಷ್ಮ ಸಡಿಲ ಹೀಗೆ ಎಲ್ಲ ಜೋಡಿಯಲ್ಲೂ ಇದ್ದೇ ಇರುತ್ತದೆ. ಆ ಸಡಿಲ ಎಷ್ಟು ಎಂಬುದರಲ್ಲೇ ಒಳ್ಳೆಯ ಸಾಧನಕ್ಕೂ ಅಗ್ಗದ ಸಾಧನಕ್ಕೂ ಇರುವ ವ್ಯತ್ಯಾಸ ಅಡಗಿದೆ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 13 ಮಿ.ಮೀ. ತಲೆಗೆ ಬಿಗಿಯಾದ 13ರ ಸಾಕೆಟ್ ಹಾಕಿದಾಗ ಅದು ಒಂದು ಡಿಗ್ರಿಗಿಂತ ಕಡಿಮೆ ತಿರುಗಿ ತಲೆಯನ್ನು ಹಿಡಿಯುತ್ತದೆ. ಅದೇ ತಲೆಗೆ 14ರ ಸಾಕೆಟ್ ಹಾಕಿದರೆ ಸುಮಾರು 9 ಡಿಗ್ರಿ ಖಾಲಿ ತಿರುಗಿ, ಕೊನೆಗೆ ಮೂಲೆಯ ತುದಿಗೆ ಮಾತ್ರ ತಾಗುತ್ತದೆ. ಬದಿಯ ಮೇಲೆ ಹರಡಬೇಕಾದ ಬಲವೆಲ್ಲ ಆ ಒಂದು ಅಂಚಿನ ಮೇಲೆ ಬೀಳುತ್ತದೆ. 15ರ ಸಾಕೆಟ್ ಹಾಕಿದರೆ ಅದು ತಲೆಯ ಸುತ್ತ ಹೆಚ್ಚುಕಡಿಮೆ ಸರಾಗವಾಗಿಯೇ ಸುತ್ತುತ್ತದೆ.

ಒಂದೇ ಬೋಲ್ಟಿಗೆ ಮೂರು ತಲೆ

ಅಳತೆಗಳ ಗೊಂದಲಕ್ಕೆ ದೀರ್ಘ ಇತಿಹಾಸವಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನು ಏಕರೂಪವಾಗಿ ಬಳಸುವ ಪದ್ಧತಿಯನ್ನು ಮುಂದಿಟ್ಟರು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಥ್ರೆಡ್ಡನ್ನು ಸೂಚಿಸಿದರು. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಕಾಣುವ ವಿಟ್‌ವರ್ತ್ ಸ್ಪ್ಯಾನರುಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. ಅವುಗಳ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪದ್ದು. ಕಾಲು ಇಂಚು ಎಂದು ಕೆತ್ತಿದ ಸ್ಪ್ಯಾನರಿನ ಬಾಯಿ ವಾಸ್ತವದಲ್ಲಿ 13 ಮಿ.ಮೀ.ಗಿಂತ ತುಸು ಹೆಚ್ಚು ಅಗಲವಿರುತ್ತದೆ.

ಮೆಟ್ರಿಕ್ ಬಂದ ಮೇಲೂ ಏಕರೂಪತೆ ಪೂರ್ಣವಾಗಿಲ್ಲ. ಎಂ10 ಬೋಲ್ಟಿನ ತಲೆ ಹಳೆಯ ಜರ್ಮನ್ ಮಾನಕದಲ್ಲಿ 17 ಮಿ.ಮೀ., ಅಂತರರಾಷ್ಟ್ರೀಯ ಮಾನಕದಲ್ಲಿ 16, ಜಪಾನಿನ ವಾಹನಗಳಲ್ಲಿ 14. ಎಂ8ಕ್ಕೆ ಜಪಾನಿನಲ್ಲಿ 12, ಯುರೋಪಿನಲ್ಲಿ 13. ಹೀಗಾಗಿ ಜಪಾನಿ ವಾಹನದ ಕೆಲಸಕ್ಕೆ 10, 12, 14, 17, 19 ಎಂಬ ಸರಣಿ ಬಹುತೇಕ ಸಾಕಾಗುತ್ತದೆ. ಜರ್ಮನ್ ವಾಹನಕ್ಕೆ 10, 13, 16, 18 ಬೇಕಾಗುತ್ತವೆ. ಬಿಡದಿಯಲ್ಲಿ ಟೊಯೊಟಾ ಕಾರುಗಳೂ ನರಸಾಪುರದಲ್ಲಿ ಹೊಂಡಾ ದ್ವಿಚಕ್ರ ವಾಹನಗಳೂ ತಯಾರಾಗುವ ಕರ್ನಾಟಕದಲ್ಲಿ ಮೆಕ್ಯಾನಿಕ್‌ಗಳ ಕೈ ಮೊದಲು 12 ಮತ್ತು 14ರ ಕಡೆ ಹೋಗುವುದು ಸಹಜ. ಅದೇ ಅಭ್ಯಾಸದಲ್ಲಿ ಫೋಕ್ಸ್‌ವ್ಯಾಗನ್ ಕಾರಿನ 13ರ ತಲೆಗೆ 14 ಹಾಕಿದಾಗ ಮೇಲೆ ಹೇಳಿದ 9 ಡಿಗ್ರಿಯ ಅನಾಹುತ ನಡೆಯುತ್ತದೆ.

ಇಂಚು ಮತ್ತು ಮಿ.ಮೀ. ಕೆಲವೆಡೆ ಒಂದಕ್ಕೊಂದು ಬಹಳ ಹತ್ತಿರ ಬರುತ್ತವೆ. ಮುಕ್ಕಾಲು ಇಂಚು 19.05 ಮಿ.ಮೀ.; ಅದು 19ರ ತಲೆಗೆ ಚೆನ್ನಾಗಿಯೇ ಕೂರುತ್ತದೆ. ಅರ್ಧ ಇಂಚು 12.7 ಮಿ.ಮೀ.; ಆ ಅಳತೆಯ ತಲೆಗೆ 13ರ ಸಾಕೆಟ್ ಕೂರುವಂತೆ ಕಂಡರೂ ಬಲ ಬಿದ್ದಾಗ ಮೂಲೆಗಳನ್ನು ಕೆರೆಯುತ್ತದೆ. ಸಾಕೆಟನ್ನು ತಲೆಯ ಮೇಲಿಟ್ಟು ಬೆರಳಲ್ಲಿ ಅತ್ತಿತ್ತ ಅಲುಗಿಸಿ ನೋಡುವುದು ಸರಳ ಪರೀಕ್ಷೆ. ಅಲುಗಾಟ ಕೈಗೆ ತಿಳಿಯುವಷ್ಟಿದ್ದರೆ ಒಂದು ಅಳತೆ ಕೆಳಗಿನದನ್ನು ಪ್ರಯತ್ನಿಸಬೇಕು.

ಆರು ಮೂಲೆ, ಹನ್ನೆರಡು ಮೂಲೆ

ಸಾಕೆಟ್ಟಿನ ಒಳಗೆ ಆರು ಅಥವಾ ಹನ್ನೆರಡು ಮೂಲೆಗಳಿರುತ್ತವೆ. ಹನ್ನೆರಡು ಮೂಲೆಯದು ಪ್ರತಿ 30 ಡಿಗ್ರಿಗೆ ತಲೆಯ ಮೇಲೆ ಕೂರುವುದರಿಂದ ಇಕ್ಕಟ್ಟಿನ ಜಾಗದಲ್ಲಿ ಅನುಕೂಲ. ಆದರೆ ಅದು ತಲೆಯನ್ನು ಮೂಲೆಯ ಬಳಿಯಲ್ಲೇ ಒತ್ತುತ್ತದೆ, ಅದರ ಗೋಡೆಯೂ ತೆಳು. ತುಕ್ಕು ಹಿಡಿದ ಬೋಲ್ಟಿಗೆ ಆರು ಮೂಲೆಯದೇ ಆಗಬೇಕು. ಈ ಮಾತಿಗೆ ವಿನಾಯಿತಿ ಇಲ್ಲ. ಉತ್ತಮ ಸಾಕೆಟ್ಟುಗಳಲ್ಲಿ ಒಳಮೂಲೆಗಳನ್ನು ಸಣ್ಣ ಕಮಾನಿನಂತೆ ಕೊರೆದಿರುತ್ತಾರೆ. ಇದರಿಂದ ಬಲ ತಲೆಯ ಮೂಲೆಯನ್ನು ಬಿಟ್ಟು ಬದಿಯ ಸಮತಲದ ಮೇಲೆ ಬೀಳುತ್ತದೆ. ಅಮೆರಿಕದ ಸ್ನ್ಯಾಪ್-ಆನ್ ಸಂಸ್ಥೆ ಈ ವಿನ್ಯಾಸವನ್ನು ಫ್ಲ್ಯಾಂಕ್ ಡ್ರೈವ್ ಎಂಬ ಹೆಸರಿನಲ್ಲಿ ಪ್ರಸಿದ್ಧಗೊಳಿಸಿತು.

ಇನ್ನೊಂದು ಸೂಕ್ಷ್ಮವನ್ನು ಹಲವರು ಗಮನಿಸುವುದಿಲ್ಲ. ಸಾಕೆಟ್ಟಿನ ಬಾಯಂಚಿನಲ್ಲಿ ತಲೆ ಸುಲಭವಾಗಿ ಒಳಸೇರಲೆಂದು ಸ್ವಲ್ಪ ಇಳಿಜಾರು ಇರುತ್ತದೆ. ತೆಳ್ಳಗಿನ ತಲೆಯ ಬೋಲ್ಟಿನಲ್ಲಿ ಹಿಡಿತದ ಗಣನೀಯ ಭಾಗ ಈ ಇಳಿಜಾರಿಗೇ ಕಳೆದುಹೋಗುತ್ತದೆ. ಅನುಭವಿಗಳು ಅಂಥ ಕೆಲಸಕ್ಕೆ ಒಂದು ಸಾಕೆಟ್ಟಿನ ಬಾಯನ್ನು ಸಾಣೆಗೆ ಹಿಡಿದು ಸಪಾಟಾಗಿಸಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತಾರೆ.

ವಿಶೇಷ ತಲೆಗಳು

ಟಾರ್ಕ್ಸ್ ಎಂಬ ಆರು ಎಸಳಿನ ರೂಪ 1967ರಿಂದ ಬಳಕೆಯಲ್ಲಿದೆ. ಫೋಕ್ಸ್‌ವ್ಯಾಗನ್ ಕುಟುಂಬದ ಕಾರುಗಳ ಡ್ರೈವ್ ಶಾಫ್ಟ್ ಬೋಲ್ಟುಗಳಲ್ಲಿ ಮೂರು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟಂತಹ ಹನ್ನೆರಡು ಮೂಲೆಯ ಗುಳಿ ಇರುತ್ತದೆ. ಅದಕ್ಕೆ ಟಾರ್ಕ್ಸ್ ಅಥವಾ ಅಲೆನ್ ಕೀ ತುರುಕಿದರೆ ಗುಳಿ ಕಿತ್ತುಹೋಗುತ್ತದೆ. ಗುಳಿಯ ತಳದಲ್ಲಿ ಕೂತ ಮಣ್ಣು, ಗ್ರೀಸನ್ನು ಸೂಜಿಯಿಂದ ಕೆರೆದು ತೆಗೆದು, ಬಿಟ್ ತಳಮುಟ್ಟುವಂತೆ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು.

ಬ್ರೇಕ್ ಪೈಪಿನ ನಟ್ಟು ಮೆದು, ಅದರ ನಡುವೆ ಪೈಪು ಹಾದಿರುವುದರಿಂದ ರಿಂಗ್ ಹಾಕಲು ಬರುವುದಿಲ್ಲ. ಅದಕ್ಕೆಂದೇ ಒಂದು ಬದಿ ಸೀಳಿದ ರಿಂಗ್ ಸ್ಪ್ಯಾನರ್, ಅಂದರೆ ಫ್ಲೇರ್ ನಟ್ ಸ್ಪ್ಯಾನರ್ ಇದೆ. ಮನೆಯಲ್ಲಿ ಬ್ರೇಕ್ ಕೆಲಸ ಮಾಡುವವರು ಮೊದಲು ಕೊಳ್ಳಬೇಕಾದ ಸಾಧನ ಇದು.

ಬೋಲ್ಟು ಹಠ ಹಿಡಿಯುವ ಕಾರಣ

ಬೋಲ್ಟನ್ನು ಬಿಗಿಯುವಾಗ ಹಾಕಿದ ತಿರುಚುಬಲದಲ್ಲಿ ಸ್ಥೂಲವಾಗಿ ಹತ್ತನೇ ಒಂದು ಪಾಲು ಮಾತ್ರ ಬಿಗಿತವಾಗುತ್ತದೆ. ಉಳಿದದ್ದು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ತುಕ್ಕು ಈ ಘರ್ಷಣೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಕನಿಷ್ಠ ಎರಡರಷ್ಟು ಜಾಗ ಬೇಡುವುದರಿಂದ ಥ್ರೆಡ್ಡಿನ ಸಂದಿಯಲ್ಲಿ ಬೆಣೆಯಂತೆ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ವಾಹನಗಳ ಅಡಿಭಾಗ ಇದಕ್ಕೆ ಬೇಗ ತುತ್ತಾಗುತ್ತದೆ. ಅಲ್ಯೂಮಿನಿಯಂ ಒಳಗಿನ ಉಕ್ಕಿನ ಬೋಲ್ಟಿನಲ್ಲಿ ಎರಡು ಲೋಹಗಳ ನಡುವಿನ ವಿದ್ಯುತ್-ರಾಸಾಯನಿಕ ಕ್ರಿಯೆಯೂ ಸೇರಿಕೊಳ್ಳುತ್ತದೆ.

ಹಠ ಎಂದರೆ ಎಲ್ಲೆಡೆ ತುಕ್ಕೇ ಎಂದಲ್ಲ. ಹೊಂಡಾದ ಹಲವು ಎಂಜಿನ್‌ಗಳ ಕ್ರ್ಯಾಂಕ್ ಪುಲ್ಲಿ ಬೋಲ್ಟಿನ 19 ಮಿ.ಮೀ. ತಲೆ ಸ್ವಚ್ಛವಾಗಿಯೇ ಕಾಣುತ್ತದೆ, ಆದರೂ ಜಗ್ಗುವುದಿಲ್ಲ. ಪುಲ್ಲಿಯಲ್ಲಿ ಹಿಡಿದು ನಿಲ್ಲಿಸಲು 50 ಮಿ.ಮೀ. ಷಟ್ಕೋನ ಗುಳಿಯನ್ನೇ ಕೊಟ್ಟಿರುತ್ತಾರೆ. ಬೋಲ್ಟಿನ ತಲೆಗಾಗಿ ದಪ್ಪ, ಭಾರದ ವಿಶೇಷ ಸಾಕೆಟ್ ಸಿಗುತ್ತದೆ. ಅದರ ದ್ರವ್ಯರಾಶಿ, ಸತತ ಹೊಡೆತದಿಂದ ಬೋಲ್ಟನ್ನು ತಿರುಗಿಸುವ ಇಂಪ್ಯಾಕ್ಟ್ ಗನ್ನಿನ ಹೊಡೆತವನ್ನು ಕಳೆಯದೆ ಬೋಲ್ಟಿಗೆ ಮುಟ್ಟಿಸುತ್ತದೆ.

ಸಡಿಲಿಸುವ ಕ್ರಮ

ಮೊದಲು ತಂತಿ ಬ್ರಷ್ಷಿನಿಂದ ತಲೆಯನ್ನು ಉಜ್ಜಿ ತುಕ್ಕಿನ ಪದರ ತೆಗೆಯಬೇಕು. ಪದರ ಉಳಿದರೆ ಸಾಕೆಟ್ ಪೂರ್ತಿ ಆಳಕ್ಕೆ ಇಳಿಯುವುದಿಲ್ಲ. ಬಳಿಕ ಸಂದಿಗೆ ಇಳಿಯುವ ತೆಳು ಎಣ್ಣೆ ಹಾಕಿ ಸಮಯ ಕೊಡಬೇಕು. ಹಿಂದಿನ ದಿನವೇ ಹಾಕಿಟ್ಟರೆ ಉತ್ತಮ. ತಲೆಯ ನೆತ್ತಿಗೆ ಸುತ್ತಿಗೆಯಿಂದ ಕೊಟ್ಟ ಒಂದೆರಡು ಗಟ್ಟಿ ಪೆಟ್ಟು ತುಕ್ಕಿನ ಬಂಧವನ್ನು ಒಡೆಯುತ್ತದೆ. ಹಿಡಿಕೆ ಉದ್ದವಾದಷ್ಟೂ ತಿರುಚುಬಲ ಹೆಚ್ಚು: ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 200 ನ್ಯೂಟನ್ ಬಲ ಹಾಕಿದರೆ 100 ನ್ಯೂಟನ್-ಮೀಟರ್ ಆಗುತ್ತದೆ. ಇಂಥ ಕೆಲಸಕ್ಕೆ ಬ್ರೇಕರ್ ಬಾರ್, ಅಂದರೆ ಒಳಗೆ ಹಲ್ಲುಗಳಿಲ್ಲದ ಉದ್ದ ಹಿಡಿಕೆ ಬೇಕು. ರ‍್ಯಾಚೆಟ್ಟಿಗೆ ಪೈಪು ಸೇರಿಸಿ ಎಳೆದರೆ ಅದರೊಳಗಿನ ಸಣ್ಣ ಹಲ್ಲುಗಳು ಮುರಿಯುತ್ತವೆ. 10 ಮಿ.ಮೀ. ತಲೆಯ ಎಂ6 ಬೋಲ್ಟಿಗೆ ಮಾತ್ರ ಉದ್ದ ಹಿಡಿಕೆ ಸಲ್ಲದು. ಅದರ ಸಾಮಾನ್ಯ ಬಿಗಿತವೇ ಸುಮಾರು 10 ನ್ಯೂಟನ್-ಮೀಟರ್. ಹೆಚ್ಚಾದರೆ ಕತ್ತು ಮುರಿಯುತ್ತದೆ. ಅಲ್ಲಿ ಬಿಸಿ ಮಾಡುವುದೇ ಲೇಸು.

ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬಿಸಿ ಮಾಡಿದಾಗ ಬೋಲ್ಟಿನ ಹಿಡಿತ ಸಡಿಲುತ್ತದೆ. ಥ್ರೆಡ್ ಸಡಿಲದಂತೆ ಹಿಡಿಯುವ ಅಂಟಾದ ಕೆಂಪು ಥ್ರೆಡ್‌ಲಾಕರ್ ಹಚ್ಚಿದ್ದರೆ ಅದು ಮೆತ್ತಗಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಪೆಟ್ರೋಲ್ ಪೈಪು, ಬ್ರೇಕ್ ಹೋಸು, ರಬ್ಬರ್ ಬುಷ್‌ಗಳ ಬಳಿ ಬೆಂಕಿ ತರಲೇಬಾರದು.

ಇಂಪ್ಯಾಕ್ಟ್ ಗನ್ ಬಳಸುವಾಗ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟನ್ನೇ ಹಾಕಬೇಕು. ಹೊಳೆಯುವ ಕೈಸಾಕೆಟ್ ಹೆಚ್ಚು ಗಡಸು. ಸತತ ಹೊಡೆತಕ್ಕೆ ಸಿಡಿದು ಚೂರುಗಳು ಕಣ್ಣಿಗೆ ಹಾರಬಹುದು.

ತಲೆ ಸವೆದ ಮೇಲೆ

ಮೂಲೆಗಳು ಅರ್ಧ ಹೋಗಿದ್ದರೆ ಇಂಚಿನ ಸಾಕೆಟ್ಟುಗಳು ನೆರವಿಗೆ ಬರುತ್ತವೆ. 13ರ ತಲೆಗೆ ಅರ್ಧ ಇಂಚು, 16ರ ತಲೆಗೆ 15.88 ಮಿ.ಮೀ.ನ 5/8 ಇಂಚು, 10ರ ತಲೆಗೆ 9.53 ಮಿ.ಮೀ.ನ 3/8 ಇಂಚಿನ ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು. ಪೂರ್ತಿ ದುಂಡಾಗಿದ್ದರೆ ಒಳಗೆ ಸುರುಳಿ ಏಣುಗಳಿರುವ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ ಬೇಕು. ಬಿಚ್ಚುವ ದಿಕ್ಕಿನಲ್ಲಿ ತಿರುಗಿಸಿದಷ್ಟೂ ಅದರ ಏಣುಗಳು ಲೋಹವನ್ನು ಕಚ್ಚುತ್ತವೆ. ಅದೂ ಸೋತರೆ ತಲೆಗೊಂದು ಹೊಸ ನಟ್ಟನ್ನು ವೆಲ್ಡ್ ಮಾಡುವುದು ಬಹುತೇಕ ಕೊನೆಯ ಉಪಾಯ. ವೆಲ್ಡಿಂಗಿನ ಬಿಸಿಯೇ ತುಕ್ಕಿನ ಹಿಡಿತವನ್ನೂ ಬಿಡಿಸುತ್ತದೆ.

ಕೆಲವು ವಾಹನಗಳ ಚಕ್ರದ ನಟ್ಟಿಗೆ ಹೊಳೆಯುವ ತಗಡಿನ ಹೊದಿಕೆ ಇರುತ್ತದೆ. ಅದರಡಿ ತುಕ್ಕು ಸೇರಿದರೆ ನಟ್ಟು ಊದಿಕೊಂಡು 21ರ ಸಾಕೆಟ್ ಹಿಡಿಯುವುದಿಲ್ಲ, 22ರದು ಸಡಿಲ. ಇದಕ್ಕೆಂದೇ 21.5 ಮಿ.ಮೀ. ಸಾಕೆಟ್ಟುಗಳು ಮಾರುಕಟ್ಟೆಯಲ್ಲಿವೆ.

ಮರುಜೋಡಣೆ

ಮೂಲೆ ಸವೆದ ಬೋಲ್ಟನ್ನು ಮತ್ತೆ ಹಾಕಬಾರದು. ಹೊಸದನ್ನು ಕೊಳ್ಳುವಾಗ ತಲೆಯ ಮೇಲಿನ 8.8 ಅಥವಾ 10.9 ಎಂಬ ಗುರುತು ಹಳೆಯದಕ್ಕೆ ಹೊಂದಬೇಕು. ಅದು ಉಕ್ಕಿನ ಬಲವನ್ನು ಸೂಚಿಸುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಘರ್ಷಣೆ ಇಳಿದು, ಅದೇ ತಿರುಚುಬಲಕ್ಕೆ ಬಿಗಿತ ಏರುತ್ತದೆ. ಆದುದರಿಂದ ಕಂಪನಿಯ ಕೈಪಿಡಿ ಹೇಳದ ಹೊರತು ಚಕ್ರದ ಸ್ಟಡ್ಡುಗಳಿಗೆ ಗ್ರೀಸ್ ಹಚ್ಚಬಾರದು. ಆ ನಟ್ಟುಗಳನ್ನು ಎದುರುಬದುರಾಗಿ ಸರದಿಯಲ್ಲಿ ಬಿಗಿದು, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದ ಮುಗಿಸಿ, ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.