ಕೀಲಿ ಒಂದು, ಕೆಲಸ ಹಲವು

ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಗಣಕದ ಮುಂದೆ ಕುಳಿತವರಿಗೆ ಕನ್ನಡದ ಜೊತೆಗೆ ಇಂಗ್ಲಿಷ್, ಮರಾಠಿ, ಉರ್ದು ಕೂಡ ಬೇಕಾಗಬಹುದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಜಿಲ್ಲೆಯ ಭಾಷಾಪರಿಸರವೇ ಅಂಥದು. ಆದರೆ ಕೀಲಿಮಣೆ ಒಂದೇ. ಅದರಿಂದ ಇಷ್ಟೆಲ್ಲ ಕೆಲಸ ಮಾಡಿಸುವುದು ಹೇಗೆ?

ನೀವು ಕೀಲಿಯೊಂದನ್ನು ಒತ್ತಿದಾಗ ಗಣಕಕ್ಕೆ ತಲುಪುವುದು ಅಕ್ಷರವಲ್ಲ, ಆ ಕೀಲಿಯ ಸಂಕೇತಸಂಖ್ಯೆ. ಅದನ್ನು ಅಕ್ಷರವಾಗಿಸುವುದು ತಂತ್ರಾಂಶ. ಈ ಎರಡರ ನಡುವೆ ಇನ್ನೊಂದು ಕಿರು ತಂತ್ರಾಂಶವನ್ನು ಕೂರಿಸಿದರೆ, ಕೀಲಿಯ ಅರ್ಥವನ್ನೇ ಬದಲಿಸಬಹುದು. ಒಂದು ಸಲಕ್ಕೆ ಒಂದೇ ತಂತ್ರಾಂಶ ನಡೆಯುತ್ತಿದ್ದ ಡಾಸ್ ಕಾಲದಲ್ಲಿ, 1984ರಲ್ಲಿ, ಬೋರ್ಲ್ಯಾಂಡ್ ಸಂಸ್ಥೆ ತಂದ ಸೈಡ್‌ಕಿಕ್ ಹೀಗೆ ಸ್ಮೃತಿಯಲ್ಲಿ ಕಾದು ಕುಳಿತಿರುತ್ತಿತ್ತು. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದೊಡನೆ ಟಿಪ್ಪಣಿಪುಸ್ತಕ, ಲೆಕ್ಕಯಂತ್ರಗಳು ತೆರೆಯ ಮೇಲೆ ಬರುತ್ತಿದ್ದವು.

ಕನ್ನಡದ ಬೆರಳಚ್ಚು ಗಣಕಕ್ಕೆ ಬಂದದ್ದೂ ಇದೇ ತತ್ತ್ವದಿಂದ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಅಲ್ಪ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಅದೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಅದರಲ್ಲಿ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಂತೆ ಟೈಪಿಸಬಹುದು.

ಇವೆರಡರ ವ್ಯತ್ಯಾಸವನ್ನು ‘ಬಸವಕಲ್ಯಾಣ’ ಪದದಿಂದಲೇ ತಿಳಿಯಬಹುದು. ಲಿಪ್ಯಂತರ ಪದ್ಧತಿಯಲ್ಲಿ ಪ್ರತಿ ಅಕಾರಕ್ಕೂ ‘ಎ’ ಕೀಲಿ ಒತ್ತಬೇಕು. ಶಿಫ್ಟ್ ಕೀಲಿಯನ್ನು ಬಿಟ್ಟು ಒಟ್ಟು 13 ಒತ್ತುಗಳು. ಕೆ. ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನದಲ್ಲಿ ಅಕಾರ ಸೇರಿಯೇ ಇರುತ್ತದೆ. ಒತ್ತಕ್ಷರ ಬೇಕಾದಾಗ ಮಾತ್ರ ‘ಎಫ್’ ಕೀಲಿಯಿಂದ ಅದನ್ನು ತೆಗೆಯುತ್ತೇವೆ. ಆಗ 9 ಒತ್ತುಗಳು ಸಾಕು. ಕನ್ನಡ ಲಿಪಿಯ ಗುಣವನ್ನೇ ಬಳಸಿಕೊಂಡದ್ದರಿಂದ ಆದ ಉಳಿತಾಯವಿದು. ಗಡಿಭಾಗಕ್ಕೆ ಇನ್‌ಸ್ಕ್ರಿಪ್ಟ್ ವಿನ್ಯಾಸದ ಅನುಕೂಲವೂ ಉಂಟು: ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’ ಇರುತ್ತದೆ.

ಇನ್ನು ಕಿಟಕಿಗಳ ವಿಷಯ. 1985ರ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ಕಿಟಕಿಗಳು ಹೆಂಚು ಜೋಡಿಸಿದಂತೆ ಅಕ್ಕಪಕ್ಕ ನಿಲ್ಲುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಬರತೊಡಗಿದವು. ಬೇಕಾದುದನ್ನು ಹುಡುಕುವ ತೊಂದರೆಯೂ ಬಂದಿತು. 2009ರ ವಿಂಡೋಸ್ 7ರಲ್ಲಿ ವಿಂಡೋಸ್ ಕೀಲಿಯೊಡನೆ ಎಡ ಅಥವಾ ಬಲ ಬಾಣ ಒತ್ತಿದರೆ ಕಿಟಕಿ ಅರ್ಧ ತೆರೆಗೆ ಸರಿಯುವ ವ್ಯವಸ್ಥೆ ಬಂದಿತು. ಹಳೆಯ ಜೋಡಣೆಯೇ ಮತ್ತೆ ಬಂದದ್ದು ಸ್ವಾರಸ್ಯಕರ! ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ಪ್ರಶ್ನೆಪತ್ರಿಕೆ ಇಟ್ಟುಕೊಳ್ಳುವ ಶಿಕ್ಷಕರಿಗೆ ಇದು ಬಹಳ ಉಪಯುಕ್ತ. ನಿಮ್ಮದೇ ಕೀಲಿಜೋಡಿ ರೂಪಿಸಿಕೊಳ್ಳಲು 2003ರಲ್ಲಿ ಬಂದ ಆಟೋಹಾಟ್‌ಕೀ, 2019ರಲ್ಲಿ ಹೊಸ ರೂಪ ಪಡೆದ ಪವರ್‌ಟಾಯ್ಸ್ ಉಚಿತವಾಗಿ ದೊರೆಯುತ್ತವೆ.

ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಒಂದೇ ಕೀಲಿಯನ್ನು ಎರಡು ತಂತ್ರಾಂಶಗಳು ಬಯಸಿದರೆ ಘರ್ಷಣೆಯಾಗುತ್ತದೆ. ನುಡಿಯಲ್ಲಿ ಭಾಷೆ ಬದಲಿಸಲು ಅಪರೂಪಕ್ಕೆ ಬಳಕೆಯಾಗುವ ಸ್ಕ್ರೋಲ್ ಲಾಕ್ ಕೀಲಿಯನ್ನು ಆರಿಸಿದ್ದರಲ್ಲಿ ಜಾಣ್ಮೆಯಿದೆ. ನೀವೂ ಹಾಗೆಯೇ ಬಿಡುವಾಗಿರುವ ಕೀಲಿಯನ್ನು ಆರಿಸಿ. ಎರಡನೆಯದಾಗಿ, ಕೀಲಿಯ ಅರ್ಥ ಬದಲಿಸಬಲ್ಲ ತಂತ್ರಾಂಶ ನಿಮ್ಮ ಗುಪ್ತಪದವನ್ನೂ ಓದಬಲ್ಲದು. ಆದ್ದರಿಂದ ಇಂಥವನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆಯಿರಿ.

‘ಕರ್ನಾಟಕ’ ಪದಕ್ಕೆ ಎರಡೂ ಪದ್ಧತಿಗಳಲ್ಲಿ ಎಷ್ಟೆಷ್ಟು ಒತ್ತುಗಳು ಬೇಕು? ತರಗತಿಯಲ್ಲಿ ಎಣಿಸಿ ನೋಡಿ.