ಸ್ಟೇಡಿಯಂ ಅಡಿಯ ಕೆರೆ: ಸಂಪಂಗಿಯ ಹಳೇ ಜಗಳ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ, ಮೊದಲಿಗೆ ಒಂದು ಪ್ರಶ್ನೆ. ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಯಾವತ್ತಾದ್ರೂ ಹೋಗಿದ್ದೀರಾ? ಫುಟ್‌ಬಾಲ್ ಮ್ಯಾಚ್ ನೋಡೋಕೋ, ಟ್ರ್ಯಾಕ್ ಮೇಲೆ ಓಡೋಕೋ? ಹೋಗಿದ್ರೆ ನೀವು ಒಂದು ಕೆರೆಯ ಅಂಗಳದಲ್ಲಿ ನಿಂತು ಬಂದಿದ್ದೀರಿ. ಅದು ಸಂಪಂಗಿ ಕೆರೆ. ಪಕ್ಕದ ಬಡಾವಣೆಗೆ ಇವತ್ತಿಗೂ ಸಂಪಂಗಿರಾಮನಗರ ಅಂತಲೇ ಹೆಸರು. ಕೆರೆ ಹೋದರೂ ಹೆಸರು ಹೋಗಿಲ್ಲ.

ಬೆಂಗಳೂರಿನ ಕೆರೆಗಳ ಕಥೆಯನ್ನ ನಾವೆಲ್ಲ ಸಾಮಾನ್ಯವಾಗಿ ಒಂದೇ ಥರ ಹೇಳ್ತೀವಿ. ಮೊದಲು ಕೆರೆ ಇತ್ತು, ಆಮೇಲೆ ಯಾರೋ ನುಂಗಿದ್ರು, ಜನ ಸುಮ್ಮನೆ ನೋಡ್ತಾ ಕೂತಿದ್ರು. ಸಂಪಂಗಿ ಕೆರೆಯ ವಿಷಯದಲ್ಲಿ ಆ ಕೊನೆಯ ಮಾತು ಸುಳ್ಳು. ಜನ ಸುಮ್ಮನಿರಲಿಲ್ಲ. ಎಲ್ಲರೂ ಮಾತಾಡಿದ್ರು, ಅರ್ಜಿ ಬರೆದರು. ಒಬ್ಬರ ಅರ್ಜಿ ಇನ್ನೊಬ್ಬರ ಅರ್ಜಿಗೆ ವಿರುದ್ಧವಾಗಿತ್ತು, ಅಷ್ಟೇ.

ಕೆರೆ ಇದ್ದ ಜಾಗವನ್ನ ಸ್ವಲ್ಪ ಕಣ್ಣ ಮುಂದೆ ತಂದ್ಕೊಳ್ಳಿ. ಒಂದು ಕಡೆ ಪೇಟೆ. ಚಿಕ್ಕಪೇಟೆ, ನಗರತಪೇಟೆ, ತಿಗಳರಪೇಟೆ ಇರೋ ಹಳೇ ಊರು. ಇನ್ನೊಂದು ಕಡೆ ದಂಡು, ಅಂದ್ರೆ 1809ರಲ್ಲಿ ಬ್ರಿಟಿಷರ ಸೇನೆ ಬಂದು ನೆಲೆಯೂರಿದ ಕಂಟೋನ್ಮೆಂಟ್. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ವಾಪಸ್ ಬಂದಾಗಲೂ ದಂಡು ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟ್ ಕೈಯಲ್ಲೇ ಉಳೀತು. ಒಂದೇ ಊರು, ಎರಡು ಮುನಿಸಿಪಾಲಿಟಿ, ಎರಡು ಸರ್ಕಾರ. 1949ರಲ್ಲಿ ಒಂದೇ ಕಾರ್ಪೊರೇಷನ್ ಆಗೋವರೆಗೂ ಹೀಗೇ ನಡೀತು. ಈ ಎರಡರ ನಡುವೆ ಸಿಕ್ಕಿಕೊಂಡಿದ್ದು ಸಂಪಂಗಿ ಕೆರೆ.

ಕೆರೆಯ ನೀರು ಯಾರಿಗೆ ಬೇಕಿತ್ತು? ಮೊದಲನೆಯದಾಗಿ ತಿಗಳರಿಗೆ, ಅಂದ್ರೆ ವಹ್ನಿಕುಲ ಕ್ಷತ್ರಿಯರಿಗೆ. ಬೆಂಗಳೂರಿಗೆ ಹೂವು, ಹಣ್ಣು, ತರಕಾರಿ ಬೆಳೆದು ಕೊಡ್ತಿದ್ದ ತೋಟಗಾರರು ಇವರು. ಕೆರೆಯಲ್ಲಿ ನೀರು ನಿಂತರೆ ತೋಟ, ಇಲ್ಲದಿದ್ರೆ ಇಲ್ಲ. ಎರಡನೆಯದಾಗಿ, ಈ ಕಡೆ ಬಂಗಲೆ ಕಟ್ಟಿಕೊಂಡವರು. ಅವರಿಗೆ ಮಳೆಗಾಲ ಬಂತಂದ್ರೆ ಕೆರೆ ತುಂಬಿ ನೀರು ತಮ್ಮ ಕಡೆ ನುಗ್ಗುತ್ತೆ ಅನ್ನೋ ತಲೆನೋವು. ಮೂರನೆಯದಾಗಿ, ದಂಡಿನ ಅಧಿಕಾರಿಗಳಿಗೆ ಪೋಲೋ ಆಡೋಕೆ ಒಂದು ಮಟ್ಟಸವಾದ ಬಯಲು ಬೇಕು. ಒಣಗಿದ ಕೆರೆಯಂಗಳಕ್ಕಿಂತ ಒಳ್ಳೇ ಬಯಲು ಎಲ್ಲಿ ಸಿಗುತ್ತೆ, ಹೇಳಿ!

ಕೆರೆ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ರೆ ಈ ಜಗಳ ಚೆನ್ನಾಗಿ ಅರ್ಥವಾಗುತ್ತೆ. ಕೆರೆಗೆ ಒಂದು ಏರಿ ಇರುತ್ತೆ, ಏರಿಯಲ್ಲಿ ತೂಬು, ಪಕ್ಕದಲ್ಲಿ ಕೋಡಿ. ತೂಬು ತೆಗೆದರೆ ಕೆಳಗಿನ ತೋಟಕ್ಕೆ ನೀರು. ಕೆರೆ ಪೂರ್ತಿ ತುಂಬಿದಾಗ ಹೆಚ್ಚಾದ ನೀರು ಹರಿದು ಹೋಗೋ ದಾರಿ ಕೋಡಿ. ಕೋಡಿ ಎತ್ತರ ಇದ್ದಷ್ಟೂ ಕೆರೆ ಹೆಚ್ಚು ನೀರು ಹಿಡಿಯುತ್ತೆ. ಕೋಡಿಯನ್ನ ಒಂದೆರಡು ಅಡಿ ತಗ್ಗಿಸಿದ್ರೆ ಸಾಕು, ಕೆರೆಯ ಅಂಚಿನ ಎಷ್ಟೋ ನೆಲ ಒಣಗಿ ಮೇಲೆ ಬರುತ್ತೆ. ಬಂಗಲೆಯವರಿಗೆ ನೆಮ್ಮದಿ, ತೋಟದವರಿಗೆ ಬೇಸಿಗೆಯಲ್ಲಿ ಬರ. ಯಾರಿಗೂ ನಷ್ಟ ಆಗದ ಎತ್ತರ ಅಂತ ಒಂದು ಇರೋದೇ ಇಲ್ಲ. ಹಾಗಾಗಿ ನೀರಿನ ಮಟ್ಟ ಎಷ್ಟಿರಬೇಕು ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ ಥರ ಕಾಣಿಸಿದ್ರೂ, ನಿಜವಾಗಿ ಅದು ಈ ಏರಿಯಾ ಯಾರದು ಅನ್ನೋ ಪ್ರಶ್ನೆ.

19ನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಮೂರೂ ಗುಂಪಿನ ಬೇಡಿಕೆಗಳು ಅಧಿಕಾರಿಗಳ ಮುಂದೆ ಹೋದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಹಳೇ ಕಡತ, ನಕ್ಷೆಗಳನ್ನ ಹುಡುಕಿ ಸಂಪಂಗಿಯ ಈ ಕಥೆಯನ್ನ ಬರೆದಿದ್ದಾರೆ. ನನಗೆ ಅದರಲ್ಲಿ ಕಾಡೋದು ಒಂದು ವಿಷಯ. ತೋಟಗಾರರು ಬಾಯಿಲ್ಲದವರಾಗಿರಲಿಲ್ಲ. ನೀರು ಖಾಲಿ ಮಾಡಬೇಡಿ, ನಮ್ಮ ಬದುಕು ಅದರ ಮೇಲಿದೆ ಅಂತ ಅವರೂ ಮನವಿ ಮಾಡಿದ್ರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ‘ನಾಗರಿಕರ ಪಾಲ್ಗೊಳ್ಳುವಿಕೆ’ ಆಗಲೇ ಇತ್ತು. ಆದರೆ ಬಂಗಲೆಯವರಿಗೆ ಸಾಹೇಬರ ಕಚೇರಿ ಹತ್ತಿರವಿತ್ತು, ತೋಟದವರಿಗೆ ಬಹಳ ದೂರ.

ಜೊತೆಗೆ ಇನ್ನೊಂದು ಬದಲಾವಣೆ ಬಂತು. ಅದೇನೂ ಕೆಟ್ಟದ್ದಲ್ಲ. 1896ರ ಹೊತ್ತಿಗೆ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಊರಿಗೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕೆಲಸ. ಮನೆ ಮುಂದೆ ನಲ್ಲಿ ಬಂದ ಮೇಲೆ ಪೇಟೆಯ ಜನಕ್ಕೆ ಊರೊಳಗಿನ ಕೆರೆ ಮೇಲೆ ಅವಲಂಬನೆ ಕಡಿಮೆಯಾಯ್ತು. ಅವಲಂಬನೆ ಹೋದ ಕೆರೆಗೆ ಹೂಳೆತ್ತುವವರಿಲ್ಲ, ಕಾಲುವೆ ನೋಡಿಕೊಳ್ಳೋರಿಲ್ಲ. ಅದು ಬರೀ ‘ಖಾಲಿ ಜಾಗ’ ಥರ ಕಾಣೋಕೆ ಶುರುವಾಗುತ್ತೆ, ಸೊಳ್ಳೆ ಕಾಟದ ಮಾತು ಬರುತ್ತೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದೂ ಹೀಗೇ. ಸಂಪಂಗಿಯಲ್ಲಿ 1930ರ ದಶಕದ ಹೊತ್ತಿಗೆ ಉಳಿದದ್ದು ಒಂದು ಸಣ್ಣ ಕೊಳ. ಸುತ್ತಲಿನ ಬಯಲು ಮೈದಾನವಾಯ್ತು, ಆಮೇಲೆ ಸ್ಟೇಡಿಯಂ ಬಂತು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಅದೇ ಮುಖ್ಯ ಅಂಗಳ.

ಆ ಸಣ್ಣ ಕೊಳ ಯಾಕೆ ಉಳೀತು ಗೊತ್ತಾ? ಕರಗಕ್ಕೆ. ಬೆಂಗಳೂರು ಕರಗ ಇದೇ ತಿಗಳ ಸಮುದಾಯದ ಹಬ್ಬ. ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯಂಗಳ ಬೇಕೇ ಬೇಕು. ತೋಟಕ್ಕೆ ನೀರು ಕೊಡಿ ಅಂದಾಗ ಸೋತವರು ದೇವರ ಕೆಲಸಕ್ಕೆ ಅಂತ ಒಂದಿಷ್ಟು ಜಾಗ ಉಳಿಸಿಕೊಂಡ್ರು. ಚೈತ್ರ ಹುಣ್ಣಿಮೆ ಹತ್ತಿರ ಬಂದಾಗ ಪ್ರತಿ ವರ್ಷ ಅವರು ಅಲ್ಲಿಗೆ ಬರ್ತಾರೆ. ಕಡತದಲ್ಲಿ ಇಲ್ಲದ ಹಕ್ಕನ್ನ ಹೀಗೆ ಕಾಲಿಂದ ನಡೆದು ನಡೆದು ಕಾಪಾಡೋದೂ ಪಾಲ್ಗೊಳ್ಳುವಿಕೆಯೇ ಅಂತ ನನಗನ್ನಿಸುತ್ತೆ.

ಸರಿ, ಇದೆಲ್ಲ ಹಳೇ ಕಥೆ, ಈಗಿನ ಬೆಂಗಳೂರಿಗೇನು ಅಂತೀರಾ? ಈಗಿನ ನಿವಾಸಿಗಳಿಗೆ ಬಲ ಇಲ್ಲ ಅನ್ನೋ ಹಾಗಿಲ್ಲ. 2016ರ ಅಕ್ಟೋಬರ್ 16ರ ಮಾನವ ಸರಪಳಿ ನೆನಪಿದೆಯಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, ಅದಕ್ಕೆ 812 ಮರ ಬಲಿ. ‘ಸ್ಟೀಲ್ ಫ್ಲೈಓವರ್ ಬೇಡ’ ಅಂತ ಸಾವಿರಾರು ಜನ ಕೈ ಕೈ ಹಿಡಿದು ನಿಂತ್ರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ದೊಡ್ಡ ಗೆಲುವೇ. ಆದರೆ ‘ಬೇಡ’ ಅನ್ನೋಕೆ ಎಲ್ಲರೂ ಒಟ್ಟಿಗೆ ನಿಲ್ಲಬಹುದು. ‘ಏನು ಬೇಕು’ ಅಂದಾಗ ನೋಡಿ, ಸಂಪಂಗಿಯ ಮೂರು ಗುಂಪು ಮತ್ತೆ ಎದ್ದು ಬರುತ್ತೆ.

ಈಗ ಕೆರೆಗಳ ಪುನಶ್ಚೇತನ ನಡೀತಿರೋ ಕಡೆ ಹೋಗಿ ನೋಡಿ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ, ಜೆ.ಪಿ. ನಗರದ ಪುಟ್ಟೇನಹಳ್ಳಿ, ಇಲ್ಲೆಲ್ಲ ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ದುಡಿದು ಕೆರೆಗೆ ಜೀವ ತಂದಿದ್ದಾರೆ. ಅದರ ಬಗ್ಗೆ ಗೌರವ ಇದೆ. ಆದರೆ ಊರಿನ ಎಷ್ಟೋ ಕೆರೆಗಳ ಸುತ್ತ ಬೇಲಿ ಬಂದಿದೆ, ವಾಕಿಂಗ್ ಪಾತ್ ಬಂದಿದೆ, ಗೇಟಿಗೆ ಟೈಮಿಂಗ್ ಬಂದಿದೆ. ಹಸುವಿಗೆ ಹುಲ್ಲು ಕೊಯ್ಯೋಕೆ ಬರ್ತಿದ್ದವರು, ಬಟ್ಟೆ ಒಗೆಯೋರು, ಮೀನು ಹಿಡಿಯೋರು? ಅವರೂ ಅದೇ ಏರಿಯಾದ ನಿವಾಸಿಗಳೇ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಅವರಿಲ್ಲ, ಅಷ್ಟೇ.

ಇವರೆಲ್ಲ ಒಂದೇ ಕೋಣೆಯಲ್ಲಿ ಕೂರೋಕೆ ಕಾನೂನಿನಲ್ಲಿ ಒಂದು ಜಾಗ ಇದೆ. ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ಈ ಸಮಿತಿ ಇರಲೇಬೇಕು ಅಂತ ಅದರಲ್ಲಿದೆ. ಬೆಂಗಳೂರಿನಲ್ಲಿ ಅದು ಸ್ವಲ್ಪವಾದ್ರೂ ಉಸಿರಾಡಿದ್ದು ಎರಡು ದಶಕ ಕಳೆದ ಮೇಲೆ, ಅದೂ ಹೈಕೋರ್ಟ್ ಕಿವಿ ಹಿಂಡಿದ ನಂತರ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಬಿಬಿಎಂಪಿಗೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು. ವಾರ್ಡ್ ಗಡಿಗಳೂ ಬದಲಾದವು.

ಹಾಗಾಗಿ ನಿಮಗೊಂದು ಕೆಲಸ. ನಿಮ್ಮ ಮನೆ ಈಗ ಯಾವ ವಾರ್ಡಿನಲ್ಲಿದೆ ಅಂತ ನೋಡ್ಕೊಳ್ಳಿ. ಆಮೇಲೆ ಏರಿಯಾದಲ್ಲಿ ಹಳಬರು ಯಾರಾದ್ರೂ ಇದ್ರೆ, ಇಲ್ಲಿನ ಕೆರೆ ಎಲ್ಲಿತ್ತು, ಕೋಡಿ ಎಲ್ಲಿ ಹರೀತಿತ್ತು, ಆ ನೀರಲ್ಲಿ ಯಾರ್ ಯಾರು ಏನೇನು ಮಾಡ್ತಿದ್ರು ಅಂತ ಕೇಳಿ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮೆಜೆಸ್ಟಿಕ್ಕಿಗೆ ಹೋಗೋಣ, ಧರ್ಮಾಂಬುಧಿಯ ಕಥೆ ಬಾಕಿ ಇದೆ.