ಪೊಲೀಸ್ ಹುತಾತ್ಮರ ದಿನ

ಕರ್ತವ್ಯನಿರತರಾಗಿದ್ದಾಗ ಪ್ರಾಣ ತೆತ್ತ ಪೊಲೀಸರ ಸ್ಮರಣೆಗಾಗಿ ಭಾರತದಾದ್ಯಂತ ಪ್ರತಿವರ್ಷ ಅಕ್ಟೋಬರ್ 21ರಂದು ನಡೆಯುವ ಆಚರಣೆ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಯ ದಾಳಿಗೆ 10 ಪೊಲೀಸರು ಬಲಿಯಾದುದು ಇದರ ಮೂಲ. ಕವಾಯತು, ಮಡಿದವರ ಹೆಸರುಗಳ ವಾಚನ, ಪುಷ್ಪಾರ್ಪಣೆ, ಮೌನಾಚರಣೆ ಮುಖ್ಯ ಅಂಗಗಳು. ಗಡಿಯ ಘಟನೆಯಿಂದ ಹುಟ್ಟಿದರೂ ಇದರ ವ್ಯಾಪ್ತಿ ಗಡಿಗೆ ಸೀಮಿತವಲ್ಲ. ಉದಾಹರಣೆಗೆ, ಕರ್ನಾಟಕದಲ್ಲಿ 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಕಾಡುಗಳ್ಳ ವೀರಪ್ಪನ್ ತಂಡಕ್ಕೆ ಬಲಿಯಾದ ಮೈಸೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ 2014ರಲ್ಲಿ ಕಲಬುರಗಿಯಲ್ಲಿ ಗುಂಡೇಟು ತಗುಲಿ ಮೃತರಾದ ಸಬ್‌ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನ ಬಂಡೆ ಅಪರಾಧಿಗಳನ್ನು ಹಿಡಿಯುವ ಕೆಲಸದಲ್ಲಿ ಮಡಿದವರು. ವಾರ್ಷಿಕ ವಿಧಿ ಬರಿಯ ಔಪಚಾರಿಕತೆ ಎಂಬ ಆಕ್ಷೇಪವಿದೆ. ಆದರೆ ಸುದ್ದಿಯಾಗದ ಪೇದೆಯ ಹೆಸರನ್ನೂ ಹಿರಿಯ ಅಧಿಕಾರಿಯ ಹೆಸರಿನೊಡನೆ ಓದುವುದರಿಂದ ಇದು ಹುದ್ದೆಯ ಭೇದವಿಲ್ಲದ ಸಾರ್ವಜನಿಕ ದಾಖಲೆಯಾಗಿ ಮಹತ್ವ ಪಡೆಯುತ್ತದೆ.